ಬಿಟ್ಟ ಕಾರಣ

ಬಜಾರ್‌ಗೇಟಿನ ರಾತ್ರಿಶಾಲೆಗೆ ಈ ಸಲ ಎಪ್ಪತ್ತೈದು.
ದಾಖಲೆ ಪುಸ್ತಕ ಹನ್ನೊಂದು, ಅದರಲ್ಲಿ ಎರಡು ಗೆದ್ದಲಿಗೆ.
ಉಳಿದದ್ದನ್ನು ಡೊಂಬಿವಿಲಿಯ ಹುಡುಗಿಯೊಬ್ಬಳು
ಸಾಲಿಗೆ ಒಂದೂವರೆ ರೂಪಾಯಿಯಂತೆ ಟೈಪು ಮಾಡಿದಳು.
ಈಗ ಅದು ನನ್ನ ಲ್ಯಾಪ್‌ಟಾಪಿನಲ್ಲಿ,
ಆರು ಸಾವಿರದ ಚಿಲ್ಲರೆ ಸಾಲು, ಒಂದೇ ಕಡತ.

ಕಾರ್ಯದರ್ಶಿ ದೇಜಪ್ಪ ಸುವರ್ಣರು ಹೇಳಿದರು:
‘ಎಲ್ಲಾ ಕಡೆ ಹೋದ ಅಂತ ಬರೆದಿದ್ದಾರೆ ಮಾರಾಯ್ರೆ.
ಊರಿಗೆ ಹೋದ, ಮಿಲ್ಲಿಗೆ ಹೋದ, ದುಬೈಗೆ ಹೋದ.
ಆಗ ಕ್ಯಾಂಟೀನಿನ ಹುಡುಗರು ಸರಿ,
ಈಗ ಅವರಲ್ಲಿ ಇಬ್ಬರು ಟ್ರಸ್ಟಿಗಳು.
ಸ್ಮರಣ ಸಂಚಿಕೆಯಲ್ಲಿ ಏಕವಚನ ಬೇಡ.
ಒಂದು ಗುಂಡಿ ಒತ್ತಿದರೆ ಆಗುತ್ತಲ್ಲ ನಿಮ್ಮದರಲ್ಲಿ?’

ಆಗುತ್ತದೆ. ಪೈಥಾನಿನಲ್ಲಿ ಒಂದೇ ಸಾಲು.
ಹಳೆಯದು ಎಡಕ್ಕೆ, ಹೊಸದು ಬಲಕ್ಕೆ, ನಡುವೆ ಅಲ್ಪವಿರಾಮ:
ಹೋದ, ಹೋದರು.
ಕಟಿಂಗ್ ಚಹಾ ತುಟಿಗೆ ಬರುವ ಮೊದಲೇ
ಆರು ಸಾವಿರ ಸಾಲೂ ಮರ್ಯಾದೆ ಕಲಿತಿದ್ದವು.

ಕಲಿತದ್ದು ಜಾಸ್ತಿಯಾಯಿತು.
ಮೊದಲೇ ‘ಹೋದರು’ ಆಗಿದ್ದ ಮಾಸ್ತರರು
‘ಹೋದರುರು’ ಆದರು, ಕೆಟ್ಟ ಸೈಲೆನ್ಸರಿನ ಹಾಗೆ.
ಇಡೀ ಪುಸ್ತಕದಲ್ಲಿ ಒಬ್ಬಳೇ ಹುಡುಗಿ, ಕಮಲಿ,
ಪಾಪ, ‘ಹೋದರುಳು’.
ಆಮೇಲೆ ಪೋಷಕರ ಕಾಲಂ ಕಣ್ಣಿಗೆ ಬಿತ್ತು:
ಸಹೋದರುರ. ಸಹೋದರುರ. ಸಹೋದರುರ.
ಪುಟದ ಮೇಲೆ ಪುಟ.

ನಕ್ಕೆ. ನಗು ಪೂರ್ತಿಯಾಗಲಿಲ್ಲ.
ಸಹ ಉದರ, ಗುಣಸಂಧಿ ಎಂದು ಕಲಿಸಿದ್ದರು ನನಗೆ,
ಒಂದೇ ಹೊಟ್ಟೆಯಿಂದ ಬಂದವನು.
ಯಂತ್ರ ಬೇರೆ ಕಡೆ ಬಿಡಿಸಿ ತೋರಿಸಿತು:
ಅವನೊಳಗೆ ಮೊದಲಿನಿಂದಲೂ ಒಬ್ಬ ‘ಹೋದ’ ಕೂತಿದ್ದ.

ಹಾಗಾದರೆ ನೋಡೋಣವೆಂದು
‘ಮಂಗಳೂರು’ ಪದದೊಳಗೆ ‘ಊರು’ ಹುಡುಕಿಸಿದೆ.
ಮೈನಸ್ ಒಂದು ಎಂದಿತು.
ಇಲ್ಲ ಎನ್ನುವುದಕ್ಕೆ ಅದರ ಮಾತು ಅದು.
ಸಂಧಿಯಾದ ಮೇಲೆ ಊಕಾರ ಕೊಂಬಾಗಿ, ಕೊಂಬಿನಿಳಿಯಾಗಿ
ಳಕಾರದ ಬಗಲಿಗೆ ಜೋತುಬಿದ್ದಿದೆ.
ಓದುವವನಿಗೆ ಊರು. ಯಂತ್ರಕ್ಕೆ ಬೇರೆ ಅಕ್ಷರ.

ಪುಣ್ಯಕ್ಕೆ ಮೂಲ ಕಡತದ ಪ್ರತಿ ಇಟ್ಟುಕೊಂಡಿದ್ದೆ.
ಎರಡನೇ ಸಲ ಪದದ ಹಿಂದೊಂದು ಮುಂದೊಂದು
ಖಾಲಿ ಜಾಗ ಬೇಕೆಂದು ಷರತ್ತು ಹಾಕಿದೆ.
ಸಹೋದರರು ಬಚಾವಾದರು.
ಆದರೆ ಸಾಲಿನ ತುದಿಗೆ, ಪೂರ್ಣವಿರಾಮಕ್ಕೆ
ಬೆನ್ನು ತಾಗಿಸಿ ನಿಂತ ‘ಹೋದ’ಗಳು ಸಿಗಲಿಲ್ಲ.
ಅಂಥವರೇ ಹೆಚ್ಚು. ನಾನೂರ ಹನ್ನೆರಡು.

ಪ್ರಿಂಟು ತೆಗೆದು ಕಳವೆಗೆ ಹೋದೆ,
ರುಕ್ಕಯ್ಯ ಮಾಸ್ತರರಿಗೆ ಒಂದೊಂದೇ ಓದಿ ಹೇಳಿದೆ.
ಇವನು ಕುರ್ಲಾದಲ್ಲಿ ಗ್ಯಾರೇಜು ಇಟ್ಟ,
ಇವನು ಪರೀಕ್ಷೆಗೆ ಹೆದರಿ ಓಡಿದವ,
ಇವನ ಅಕ್ಷರ ಮುತ್ತಿನಂಥದ್ದು, ಹೆಸರು ಬರುತ್ತಿಲ್ಲ.
ಹೀಗೆ ಹೇಳುತ್ತಾ ಸಾಲು ಎರಡು ಸಾವಿರದ ಇನ್ನೂರ ಏಳಕ್ಕೆ ಬಂದೆವು.
ಹೆಸರು ಅಣ್ಣಿ. ವಯಸ್ಸು ಹದಿಮೂರು.
ಪೋಷಕ, ಸಹೋದರ.
ಬಿಟ್ಟ ಕಾರಣ, ಸಹೋದರ ಹೋದ.

ಎಲ್ಲಿಗೆ, ಎಂದು ಕೇಳಿದೆ.
ಎಲ್ಲಿಗೆ ಎಂದು ಬರೆದಿರಲಿಲ್ಲ, ಅದಕ್ಕೆ ಕೇಳಿದೆ.
‘ಮಸ್ಜಿದ್ ಸ್ಟೇಷನ್ನಿನ ಹತ್ತಿರ, ಹಳಿ ದಾಟುವಾಗ.
ಅದನ್ನು ಹಾಗೇ ಬಿಡಿ.
ಹದಿನೇಳು ವರ್ಷದವನಿಗೆ ಎಂಥ ಬಹುವಚನ.’

ಬಿಟ್ಟೆ.
ಉಳಿದದ್ದನ್ನು ಕೈಯಲ್ಲೇ ತಿದ್ದಿದೆ, ನಾಲ್ಕು ರಾತ್ರಿ,
ಸ್ಕ್ರಿಪ್ಟು ಬರೆಯಲು ಬರುವವನೆಂದು ಯಾರಿಗೂ ಹೇಳದೆ.

ಅಣ್ಣಿ ಈಗ ಟ್ರಸ್ಟಿ, ಹಿಂಬದಿಯ ರಕ್ಷಾಪುಟದ ಜಾಹೀರಾತು ಅವರದ್ದೇ.
ಕರಡು ಅವರ ಆಫೀಸಿಗೂ ಹೋಗಿತ್ತು, ಮೊನ್ನೆ ವಾಪಸು ಬಂತು.
ನನ್ನ ಕಾಗುಣಿತದ ತಪ್ಪು ಮೂರು ಹಾಗೇ ಇದ್ದವು,
ಅವರದೇ ಹೆಸರಿನ ಮುಂದಿನ ಇನಿಷಿಯಲ್ಲೂ ತಪ್ಪಿತ್ತು, ನೋಡಿರಲಿಲ್ಲ.
ಆ ಒಂದು ಸಾಲಿನಲ್ಲಿ ಮಾತ್ರ,
‘ಹೋದ’ದ ಮುಂದೆ, ಪೂರ್ಣವಿರಾಮವನ್ನು ಹೊಡೆದುಹಾಕಿ,
ನೀಲಿ ಬಾಲ್‌ಪೆನ್ನಿನಲ್ಲಿ
ಒತ್ತಿ ಬರೆದಿದ್ದರು: ರು.